ಸೆಂಟರ್ ಆಟಗಾರ: ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರದ ಪಾತ್ರ ಮತ್ತು ಬೆಲೆ

ಬ್ಯಾಸ್ಕೆಟ್‌ಬಾಲ್ ತಂಡದ ಐವರಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರವಾಗಿದ್ದು ರಿಂಗಿನ ಆಸುಪಾಸಿನಲ್ಲಿ ನಿಂತು ಆಡುವವನನ್ನು ಸೆಂಟರ್ ಎಂದೂ, ಎತ್ತರದಲ್ಲಿ ಅವನಿಗೆ ಎರಡನೆಯವನಾಗಿ ಅವನ ಪಕ್ಕದಲ್ಲೇ ಆಡುವವನನ್ನು ಪವರ್ ಫಾರ್ವರ್ಡ್ ಎಂದೂ ಕರೆಯುತ್ತಾರೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ನೆಲದಿಂದ 10 ಅಡಿ ಎತ್ತರಕ್ಕೆ ಮೊಳೆ ಹೊಡೆದು ನಿಲ್ಲಿಸಿದ ದಿನದಿಂದ ಇಂದಿನವರೆಗೆ ಆಟದ ನಿಯಮಗಳಲ್ಲಿ ನೂರಾರು ತಿದ್ದುಪಡಿಗಳಾಗಿದ್ದರೂ ರಿಂಗಿನ ಎತ್ತರ ಮಾತ್ರ ಒಂದು ಅಂಗುಲವೂ ಬದಲಾಗಿಲ್ಲ. ಆದ್ದರಿಂದ ಎತ್ತರದ ಮನುಷ್ಯನಿಗೆ ಈ ಆಟದಲ್ಲಿರುವ ಮೂಲ ಅನುಕೂಲ ಹಾಗೆಯೇ ಉಳಿದಿದೆ. ಬದಲಾಗಿರುವುದು ಆ ಅನುಕೂಲವನ್ನು ಅವನು ಅಂಕಣದ ಯಾವ ಜಾಗದಲ್ಲಿ, ಯಾವ ಕೆಲಸಕ್ಕೆ ಬಳಸಬೇಕು ಎಂಬುದು ಮತ್ತು ಅದಕ್ಕೆ ತಂಡಗಳು ಕಟ್ಟುವ ಬೆಲೆ. ಎತ್ತರದವರ ಕಾಲ ಮುಗಿಯಿತು ಎಂಬ ಮಾತು ಈ ಆಟದ ಇತಿಹಾಸದಲ್ಲಿ ಹಲವು ಬಾರಿ ಕೇಳಿಬಂದಿದೆ, ಪ್ರತಿ ಬಾರಿಯೂ ಅದು ಅರ್ಧ ಸತ್ಯವಾಗಿತ್ತು. ಮುಗಿದದ್ದು ಎತ್ತರವೊಂದನ್ನೇ ನೆಚ್ಚಿಕೊಂಡು ಆಡುವವರ ಕಾಲ.

ಆರಂಭದ ದಶಕಗಳಲ್ಲಿ ಎತ್ತರದವರನ್ನು ಮಂದಗತಿಯವರು, ಮೈ ಬಗ್ಗದವರು ಎಂದು ತರಬೇತುದಾರರು ದೂರವಿಡುತ್ತಿದ್ದುದೇ ಹೆಚ್ಚು. ಆ ಅಭಿಪ್ರಾಯವನ್ನು ಅಳಿಸಿಹಾಕಿದವನು 6 ಅಡಿ 10 ಅಂಗುಲದ, ದಪ್ಪ ಕನ್ನಡಕದ ಜಾರ್ಜ್ ಮೈಕನ್. ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಅವನ ಗುರು ರೇ ಮೇಯರ್ ಅವನಿಂದ ಹಗ್ಗದಾಟ ಆಡಿಸಿ, ನೃತ್ಯ ಕಲಿಸಿ, ರಿಂಗಿನ ಕೆಳಗೆ ನಿಲ್ಲಿಸಿ ಒಂದು ಸರಳ ಅಭ್ಯಾಸ ಮಾಡಿಸಿದ: ಬಲಗಡೆಯಿಂದ ಬಲಗೈಯಲ್ಲಿ ಚೆಂಡನ್ನು ಬೋರ್ಡಿಗೆ ತಾಗಿಸಿ ಹಾಕುವುದು, ಅದು ಬಲೆಯಿಂದ ಜಾರಿ ನೆಲ ಮುಟ್ಟುವ ಮೊದಲೇ ಹಿಡಿದು, ತೋಳು ಕೆಳಗಿಳಿಸದೆ ಒಂದು ಹೆಜ್ಜೆ ಎಡಕ್ಕೆ ಸರಿದು ಎಡಗೈಯಲ್ಲಿ ಹಾಕುವುದು, ಹೀಗೆ ಉಸಿರು ಕಟ್ಟುವವರೆಗೆ ಅದನ್ನೇ ಮುಂದುವರಿಸುವುದು. ಮೈಕನ್ ಡ್ರಿಲ್ ಎಂಬ ಹೆಸರಿನ ಈ ಅಭ್ಯಾಸವನ್ನು ಇಂದಿಗೂ ಜಗತ್ತಿನ ಎಲ್ಲೆಡೆ ಮಕ್ಕಳಿಗೆ ಮೊದಲು ಕಲಿಸುತ್ತಾರೆ. ಮಿನ್ನಿಯಾಪೊಲಿಸ್ ಲೇಕರ್ಸ್ ತಂಡ 1949ರಿಂದ 1954ರೊಳಗೆ ಐದು ಬಾರಿ ಲೀಗ್ ಗೆದ್ದದ್ದು ಮುಖ್ಯವಾಗಿ ಮೈಕನ್‌ನ ಬಲದಿಂದ. ಅವನ ಕೈಗೆ ಚೆಂಡು ಸಿಗದಂತೆ ಮಾಡುವುದೊಂದೇ ಉಪಾಯವೆಂದು 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಚೆಂಡನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಕಾಲ ಕಳೆದುದರಿಂದ ಆ ಪಂದ್ಯ 19–18ರಲ್ಲಿ ಮುಗಿಯಿತು. ಲೇಕರ್ಸ್ ಗಳಿಸಿದ 18 ಪಾಯಿಂಟ್‌ಗಳಲ್ಲಿ 15 ಮೈಕನ್‌ನವೇ ಆಗಿದ್ದವು.

ಎತ್ತರದವರ ಪ್ರಾಬಲ್ಯ ಹೆಚ್ಚಿದಂತೆಲ್ಲ ನಿಯಮಗಳನ್ನು ಅವರಿಗೆ ಎದುರಾಗಿ ತಿದ್ದುತ್ತ ಹೋದುದು ಈ ಆಟದ ಚರಿತ್ರೆಯ ಮುಖ್ಯ ಎಳೆ. ರಿಂಗಿಗೆ ಇಳಿಯುತ್ತಿರುವ ಚೆಂಡನ್ನು ಗಾಳಿಯಲ್ಲೇ ತಡೆಯುವುದನ್ನು, ಅಂದರೆ ಗೋಲ್‌ಟೆಂಡಿಂಗನ್ನು, ಅಮೆರಿಕದ ಕಾಲೇಜು ಆಟದಲ್ಲಿ 1944ರಲ್ಲಿ ನಿಷೇಧಿಸಿದರು. ರಿಂಗಿನ ಮುಂದೆ ಬಣ್ಣ ಬಳಿದ ಪಟ್ಟಿಯೊಳಗೆ ದಾಳಿಯ ತಂಡದವರು 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲವಾದ್ದರಿಂದ, ಆ ಪಟ್ಟಿ ಅಗಲವಾದಷ್ಟೂ ಸೆಂಟರ್ ರಿಂಗಿನಿಂದ ದೂರ ಸರಿಯಬೇಕಾಗುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್.ಬಿ.ಎ. 1951ರಲ್ಲಿ ಮೈಕನ್‌ನ ಕಾಲಕ್ಕೆ ಅದನ್ನು 6 ಅಡಿಯಿಂದ 12 ಅಡಿಗೂ, 1964ರಲ್ಲಿ ವಿಲ್ಟ್ ಚೇಂಬರ್ಲಿನ್‌ನ ಕಾಲಕ್ಕೆ 16 ಅಡಿಗೂ ಅಗಲಿಸಿತು. 7 ಅಡಿ 1 ಅಂಗುಲದ ಚೇಂಬರ್ಲಿನ್ 1961–62ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಗಳಿಸಿದ್ದ, 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಹಾಕಿದ್ದ. ಕಾಲೇಜು ಆಟದಲ್ಲಿ 1967ರಿಂದ 1976ರವರೆಗೆ ಚೆಂಡನ್ನು ಮೇಲಿನಿಂದ ರಿಂಗಿನೊಳಕ್ಕೆ ತುರುಕುವ ಡಂಕನ್ನೇ ನಿಷೇಧಿಸಿದಾಗ, ಅದು ಆಗ ವಿದ್ಯಾರ್ಥಿಯಾಗಿದ್ದ ಕರೀಮ್ ಅಬ್ದುಲ್ ಜಬ್ಬಾರ್‌ನನ್ನು ಉದ್ದೇಶಿಸಿಯೇ ಬಂದದ್ದೆಂದು ಬಹುಮಂದಿ ಭಾವಿಸಿದರು. 7 ಅಡಿ 2 ಅಂಗುಲದ ಅವನು ಪಕ್ಕಕ್ಕೆ ತಿರುಗಿ, ಚಾಚಿದ ಒಂದೇ ಕೈಯಿಂದ ಕಮಾನಿನಂತೆ ಚೆಂಡನ್ನು ಹಾರಿಸುವ ಸ್ಕೈಹುಕ್ ಹೊಡೆತವನ್ನು ಎಷ್ಟು ಪಳಗಿಸಿಕೊಂಡನೆಂದರೆ, ವೃತ್ತಿಜೀವನದಲ್ಲಿ ಅವನು ಗಳಿಸಿದ 38,387 ಪಾಯಿಂಟ್‌ಗಳ ದಾಖಲೆ 2023ರವರೆಗೆ ಉಳಿಯಿತು. ಅಡ್ಡಿ ಬಂದಾಗ ಹೊಸ ಕೌಶಲ ಹುಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಆಟದ ಇತಿಹಾಸದಲ್ಲಿ ವಿರಳ. ರಕ್ಷಣೆಯಲ್ಲಿ ಸೆಂಟರ್‌ನ ಮಾದರಿಯನ್ನು ಕಡೆದವನು ಬಿಲ್ ರಸೆಲ್. ಎದುರಾಳಿಯ ಹೊಡೆತವನ್ನು ತಡೆದಾಗ ಚೆಂಡನ್ನು ಪ್ರೇಕ್ಷಕರತ್ತ ಅಟ್ಟದೆ ತನ್ನವರ ಕೈಗೆ ಹೋಗುವಂತೆ ತಟ್ಟುತ್ತಿದ್ದ ಅವನಿದ್ದ ಬೋಸ್ಟನ್ ಸೆಲ್ಟಿಕ್ಸ್ 13 ಋತುಗಳಲ್ಲಿ 11 ಬಾರಿ ಪ್ರಶಸ್ತಿ ಗೆದ್ದಿತು.

ಈ ಅವಧಿಯಲ್ಲಿ ಎತ್ತರಕ್ಕೆ ಕಟ್ಟುತ್ತಿದ್ದ ಬೆಲೆ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಕ್ರಮದಲ್ಲಿ, ನಿಚ್ಚಳವಾಗಿ ಕಾಣುತ್ತದೆ. 1984ರಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು ನೈಜೀರಿಯಾದ ಹಕೀಮ್ ಒಲಾಜುವಾನ್, ಎರಡನೆಯವನು ಸ್ಯಾಮ್ ಬೋವಿ, ಇಬ್ಬರೂ ಸೆಂಟರ್‌ಗಳು. ಮೈಕೆಲ್ ಜೋರ್ಡಾನ್ ಮೂರನೆಯವನು. ಕೌಶಲವನ್ನು ಕಲಿಸಬಹುದು, ಎತ್ತರವನ್ನು ಕಲಿಸಲಾಗದು ಎಂಬ ನಂಬಿಕೆ ಅಷ್ಟು ಬಲವಾಗಿತ್ತು. 2007ರಲ್ಲೂ ಕೆವಿನ್ ಡ್ಯುರಾಂಟ್‌ಗಿಂತ ಮೊದಲು 7 ಅಡಿಯ ಗ್ರೆಗ್ ಓಡೆನ್ ಆಯ್ಕೆಯಾದನಾದರೂ ಮಂಡಿನೋವಿನಿಂದಾಗಿ ಅವನು ಲೀಗಿನಲ್ಲಿ ಆಡಿದ್ದು ಕೇವಲ 105 ಪಂದ್ಯ. ಬಿಲ್ ವಾಲ್ಟನ್, ಬೋವಿ, 7 ಅಡಿ 6 ಅಂಗುಲದ ಚೀನಾದ ಯಾವೊ ಮಿಂಗ್ ಎಲ್ಲರನ್ನೂ ಕಾಲು ಮತ್ತು ಪಾದದ ಮೂಳೆಗಳೇ ಸೋಲಿಸಿದವು. ದೇಹದ ಎತ್ತರ ಏರಿದಂತೆ ತೂಕ ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ, ತೂಕವನ್ನು ಹೊರುವ ಮೂಳೆಯ ಬಲ ಅಷ್ಟು ವೇಗವಾಗಿ ಏರುವುದಿಲ್ಲ. ಎತ್ತರದ ಆಟಗಾರನಿಗೆ ಕೊಡುವ ಹಣದಲ್ಲಿ ಈ ಅಪಾಯದ ಲೆಕ್ಕವೂ ಸೇರಿರುತ್ತದೆ.

ಬದಲಾವಣೆಯ ಬೀಜ 1979ರಲ್ಲಿ ಎನ್.ಬಿ.ಎ. ಎಳೆದ ಮೂರು ಪಾಯಿಂಟ್ ಗೆರೆಯಲ್ಲಿತ್ತು. ರಿಂಗಿನಿಂದ 23 ಅಡಿ 9 ಅಂಗುಲ ದೂರದ, ಮೂಲೆಗಳಲ್ಲಿ 22 ಅಡಿಯಷ್ಟಿರುವ ಈ ಗೆರೆಯ ಹೊರಗಿನಿಂದ ಹಾಕಿದ ಚೆಂಡಿಗೆ ಎರಡರ ಬದಲು ಮೂರು ಪಾಯಿಂಟ್ ಸಿಗುತ್ತದೆ. ಮೊದಲ ಋತುವಿನಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 3 ಬಾರಿ ಮಾತ್ರ ಅಲ್ಲಿಂದ ಪ್ರಯತ್ನಿಸುತ್ತಿತ್ತು. 2020ರ ದಶಕದಲ್ಲಿ ಆ ಸಂಖ್ಯೆ 35ರ ಆಸುಪಾಸಿಗೆ ಬಂದಿದೆ. ಇದರ ಹಿಂದಿರುವುದು ಪ್ರಾಥಮಿಕ ಶಾಲೆಯ ಗುಣಾಕಾರ. ರಿಂಗಿಗೆ ಬೆನ್ನು ಮಾಡಿ, ಎದುರಾಳಿಯನ್ನು ಭುಜದಿಂದ ಹಿಂದಕ್ಕೆ ತಳ್ಳುತ್ತ ತಿರುಗಿ ಹೊಡೆಯುವ ಹಳೆಯ ಸೆಂಟರ್‌ನ ಶೈಲಿಯಲ್ಲಿ ನೂರಕ್ಕೆ 45 ಹೊಡೆತ ಒಳಗೆ ಬಿದ್ದರೆ ಪ್ರತಿ ಹೊಡೆತದ ಬೆಲೆ 0.9 ಪಾಯಿಂಟ್, ಗೆರೆಯ ಹೊರಗಿನಿಂದ ನೂರಕ್ಕೆ 36 ಬಿದ್ದರೂ ಸಾಕು, ಬೆಲೆ 1.08. ಈ ಲೆಕ್ಕ ಎಲ್ಲರಿಗೂ ತಿಳಿದಿದ್ದರೂ ಅದು ಅಂಕಣಕ್ಕೆ ಇಳಿಯಲು ಮೂವತ್ತು ವರ್ಷ ಹಿಡಿಯಿತು. 2001ರಲ್ಲಿ ಎನ್.ಬಿ.ಎ. ಜೋನ್ ರಕ್ಷಣೆಗೆ, ಅಂದರೆ ಒಬ್ಬೊಬ್ಬ ಎದುರಾಳಿಯನ್ನು ಕಾಯುವ ಬದಲು ಜಾಗವನ್ನು ಕಾಯುವ ಕ್ರಮಕ್ಕೆ ಅನುಮತಿ ಕೊಟ್ಟಿದ್ದರಿಂದ ಸೆಂಟರ್‌ನ ಕೈಗೆ ಚೆಂಡು ಹೋದ ಕೂಡಲೇ ಇಬ್ಬರು ಮೂವರು ಅವನನ್ನು ಸುತ್ತುವರಿಯುವುದು ಸುಲಭವಾಯಿತು. ಅದೇ ವರ್ಷ ಬಂದ ಇನ್ನೊಂದು ನಿಯಮ, ಯಾರನ್ನೂ ಕಾಯದೆ ರಕ್ಷಕನೊಬ್ಬ ಬಣ್ಣದ ಪಟ್ಟಿಯಲ್ಲಿ 3 ಸೆಕೆಂಡಿಗಿಂತ ಹೆಚ್ಚು ನಿಲ್ಲಕೂಡದೆಂದು ಹೇಳಿ, ರಿಂಗಿನ ಕಾವಲುಗಾರನನ್ನೂ ಹೊರಕ್ಕೆಳೆಯಿತು. ದಾಳಿ, ರಕ್ಷಣೆ ಎರಡರಲ್ಲೂ ಅವನ ಮನೆಯಂಗಳ ಹೀಗೆ ಕಿರಿದಾಯಿತು.

ಇಲ್ಲಿ ಅಂತರ ಎಂಬ ಪರಿಕಲ್ಪನೆಯನ್ನು ವಿವರಿಸುವುದು ಅಗತ್ಯ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳು ಮರಗಳ ಕೊಂಬೆ ಕಡಿದು ಗಿಡಗಳಿಗೆ ಬೆಳಕು ಬಿಡಿಸುವ ಮರಗಸಿ ಕೆಲಸವನ್ನು ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ: ರಿಂಗಿನ ಕೆಳಗೆ ಇಬ್ಬರು ಎತ್ತರದವರು ನಿಂತರೆ ಅವರನ್ನು ಕಾಯುವ ಇಬ್ಬರೂ ಅಲ್ಲೇ ನಿಲ್ಲುತ್ತಾರೆ, ಚೆಂಡು ತಟ್ಟುತ್ತ ಒಳನುಗ್ಗುವ ಗಾರ್ಡ್‌ಗೆ ದಾರಿ ಉಳಿಯುವುದಿಲ್ಲ, ಆ ಇಬ್ಬರೂ ದೂರದಿಂದ ಹೊಡೆಯಬಲ್ಲವರಾಗಿ ಗೆರೆಯಾಚೆ ನಿಂತರೆ ಕಾಯುವವರೂ ಹಿಂದೆಯೇ ಹೊರಬರಬೇಕು, ಆಗ ನಡುವೆ ಬಯಲು ತೆರೆಯುತ್ತದೆ. ದೂರದಿಂದ ಹೊಡೆಯಲಾಗದ ಸೆಂಟರ್ ತಾನು ತಪ್ಪು ಮಾಡದಿದ್ದರೂ ತನ್ನ ನಾಲ್ವರು ಸಂಗಡಿಗರ ಜಾಗವನ್ನು ಕಸಿಯುತ್ತಾನೆ ಎಂಬ ತಿಳಿವಳಿಕೆಯೇ ಅವನ ಬೆಲೆ ಇಳಿಯಲು ಕಾರಣವಾಯಿತು. 7 ಅಡಿಯ ಜರ್ಮನ್ ಡರ್ಕ್ ನೊವಿಟ್ಸ್ಕಿ 2007ರಲ್ಲಿ ವರ್ಷದ ಶ್ರೇಷ್ಠ ಆಟಗಾರನಾಗಿ, 2011ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಪ್ರಶಸ್ತಿ ತಂದುಕೊಟ್ಟು, ಎತ್ತರ ಮತ್ತು ದೂರದ ಗುರಿ ಒಂದೇ ದೇಹದಲ್ಲಿ ಸೇರಬಲ್ಲವೆಂದು ತೋರಿಸಿದ. 2012ರಲ್ಲಿ ಆಲ್‌ಸ್ಟಾರ್ ಪಂದ್ಯದ ಮತಪತ್ರದಿಂದ ಸೆಂಟರ್ ಎಂಬ ಸ್ಥಾನದ ಹೆಸರೇ ಮಾಯವಾಯಿತು. 2015ರ ಅಂತಿಮ ಸರಣಿಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ 7 ಅಡಿಯ ಆಂಡ್ರ್ಯೂ ಬೋಗಟ್‌ನನ್ನು ಆರಂಭದ ಐವರಿಂದ ಕೈಬಿಟ್ಟು, 6 ಅಡಿ 6 ಅಂಗುಲದ ಡ್ರೇಮಂಡ್ ಗ್ರೀನ್‌ನನ್ನೇ ಸೆಂಟರ್ ಮಾಡಿ ಗೆದ್ದಿತು. 2020ರ ಫೆಬ್ರುವರಿಯಲ್ಲಿ ಹ್ಯೂಸ್ಟನ್ ರಾಕೆಟ್ಸ್ ಇನ್ನೂ ಮುಂದೆ ಹೋಗಿ, ಕ್ಲಿಂಟ್ ಕಪೇಲಾನನ್ನು ಬೇರೆ ತಂಡಕ್ಕೆ ಕೊಟ್ಟು 6 ಅಡಿ 5 ಅಂಗುಲದ ಪಿ.ಜೆ. ಟಕರ್‌ನನ್ನು ರಿಂಗಿನ ಮುಂದೆ ನಿಲ್ಲಿಸಿತು. ಆ ವರ್ಷ ಆಂಟನಿ ಡೇವಿಸ್, ಡ್ವೈಟ್ ಹೋವರ್ಡ್‌ರಂಥ ಎತ್ತರದವರಿದ್ದ ಲೇಕರ್ಸ್ ಅದನ್ನು ಸರಣಿಯಲ್ಲಿ 4–1ರಿಂದ ಸೋಲಿಸಿ ಮುಂದೆ ಪ್ರಶಸ್ತಿಯನ್ನೂ ಗೆದ್ದಿತು.

ಬೆಲೆಯ ಏರಿಳಿತವನ್ನು ಒಂದೇ ವ್ಯವಹಾರದಲ್ಲಿ ಕಾಣಬಹುದು. 2016ರ ಬೇಸಿಗೆಯಲ್ಲಿ ಲೇಕರ್ಸ್ ತಂಡ ಹಳೆಯ ಮಾದರಿಯ 7 ಅಡಿ 1 ಅಂಗುಲದ ಟಿಮೊಫೇ ಮೊಜ್ಗೊವ್‌ಗೆ ನಾಲ್ಕು ವರ್ಷಕ್ಕೆ 6.4 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಒಂದೇ ವರ್ಷದಲ್ಲಿ ಆ ಒಪ್ಪಂದ ಹೊರೆಯಾಗಿ, ಅದನ್ನು ಇಳಿಸಿಕೊಳ್ಳಲು ಯುವ ಗಾರ್ಡ್ ಡಿ'ಏಂಜೆಲೊ ರಸೆಲ್‌ನನ್ನೂ ಜೊತೆಗೆ ಸೇರಿಸಿ ಬ್ರೂಕ್ಲಿನ್ ನೆಟ್ಸ್‌ಗೆ ಕೊಟ್ಟಿತು. ಬದಲಿಗೆ ಬಂದವನು ಬ್ರೂಕ್ ಲೋಪೆಜ್. ಈ ಲೋಪೆಜ್ ತನ್ನ ಮೊದಲ ಎಂಟು ಋತುಗಳಲ್ಲಿ ಮೂರು ಪಾಯಿಂಟ್ ಹೊಡೆತವನ್ನು ಒಟ್ಟು 31 ಬಾರಿ ಪ್ರಯತ್ನಿಸಿ 3 ಬಾರಿ ಹಾಕಿದ್ದವನು, ಒಂಬತ್ತನೆಯ ಋತುವೊಂದರಲ್ಲೇ 387 ಬಾರಿ ಹೊಡೆದು 134 ಹಾಕಿದ. ಮೂವತ್ತರ ಹತ್ತಿರ ಬಂದ, ರಿಂಗಿಗೆ ಬೆನ್ನು ಹಾಕಿ ಆಡುವುದರಲ್ಲೇ ಹೆಸರು ಮಾಡಿದ 7 ಅಡಿಯ ಆಟಗಾರ ತನ್ನ ಕಸುಬನ್ನು ಹೀಗೆ ಹೊಸದಾಗಿ ಕಲಿತದ್ದು ಗೌರವದಿಂದ ದಾಖಲಿಸಬೇಕಾದ ಸಂಗತಿ. ಆದರೂ 2018ರಲ್ಲಿ ಮಿಲ್ವಾಕಿ ಬಕ್ಸ್ ಅವನನ್ನು ಪಡೆದದ್ದು ಸುಮಾರು 34 ಲಕ್ಷ ಡಾಲರ್‌ಗೆ. ದೂರದಿಂದ ಹೊಡೆಯುತ್ತ, ಹಿಂದಿರುಗಿ ರಿಂಗನ್ನೂ ಕಾಯುತ್ತ ಅವನು ತೋರಿದ ಆಟಕ್ಕೆ ಮರುವರ್ಷವೇ ನಾಲ್ಕು ವರ್ಷಕ್ಕೆ 5.2 ಕೋಟಿ ಡಾಲರ್ ಸಿಕ್ಕಿತು, 2021ರಲ್ಲಿ ಪ್ರಶಸ್ತಿಯೂ ಬಂದಿತು.

ಸೆಂಟರ್ ಮತ್ತೆ ಆಟದ ನಡುವಿಗೆ ಬಂದದ್ದು ಸರ್ಬಿಯಾದ ಸೊಂಬೊರ್ ಊರಿನ ನಿಕೊಲಾ ಯೋಕಿಚ್‌ನಿಂದ. 2014ರ ಡ್ರಾಫ್ಟ್‌ನಲ್ಲಿ ಡೆನ್ವರ್ ನಗೆಟ್ಸ್ ಅವನನ್ನು 41ನೆಯವನಾಗಿ ಆರಿಸಿದಾಗ ಟೆಲಿವಿಷನ್‌ನಲ್ಲಿ ಜಾಹೀರಾತು ಓಡುತ್ತಿತ್ತು. ವೇಗವಾಗಿ ಓಡಲಾಗದ, ಎತ್ತರಕ್ಕೆ ಜಿಗಿಯಲಾಗದ 6 ಅಡಿ 11 ಅಂಗುಲದ ಈ ಆಟಗಾರ ಫ್ರೀ ಥ್ರೋ ಗೆರೆಯ ಬಳಿ ಚೆಂಡನ್ನು ಹಣೆಯ ಮೇಲೆ ಎತ್ತಿ ಹಿಡಿದು ನಿಲ್ಲುತ್ತಾನೆ. ಸಂಗಡಿಗರು ಅವನ ಸುತ್ತ ಹಾಯುವಾಗ, ರಕ್ಷಕರ ತಲೆಗಳ ಮೇಲಿಂದ ಎಲ್ಲವೂ ಕಾಣುವ ಅವನು ಯಾರ ರಕ್ಷಕ ಅರ್ಧ ಹೆಜ್ಜೆ ತಪ್ಪಿದನೋ ಅವನ ಕೈಗೆ ಚೆಂಡು ಮುಟ್ಟಿಸುತ್ತಾನೆ. ತಂಡದ ಆಟ ಕಟ್ಟುವ ಈ ಹೊಣೆ ಹಿಂದೆ ಎಲ್ಲರಿಗಿಂತ ಗಿಡ್ಡವನಾದ ಪಾಯಿಂಟ್ ಗಾರ್ಡ್‌ನದಾಗಿತ್ತು. ಶಕೀಲ್ ಓನೀಲ್ 2000ದಲ್ಲಿ ವರ್ಷದ ಶ್ರೇಷ್ಠ ಆಟಗಾರನಾದ ಮೇಲೆ ಎರಡು ದಶಕ ಯಾವ ಸೆಂಟರ್‌ಗೂ ಸಿಗದ ಆ ಪ್ರಶಸ್ತಿ 2021, 2022, 2024ರಲ್ಲಿ ಯೋಕಿಚ್‌ಗೂ, 2023ರಲ್ಲಿ ಕ್ಯಾಮರೂನಿನ ಜೋಯೆಲ್ ಎಂಬೀಡ್‌ಗೂ ಸಂದಿತು. 2023ರಲ್ಲಿ ಡೆನ್ವರ್ ಪ್ರಶಸ್ತಿ ಗೆದ್ದಿತು. 2024–25ರ ಋತುವಿನಲ್ಲಿ ಪಾಯಿಂಟ್, ರೀಬೌಂಡ್ (ತಪ್ಪಿದ ಹೊಡೆತದ ಚೆಂಡನ್ನು ಹಿಡಿಯುವುದು), ಸಂಗಡಿಗನ ಪಾಯಿಂಟಿಗೆ ದಾರಿಯಾದ ಪಾಸ್ ಮೂರರಲ್ಲೂ ಯೋಕಿಚ್‌ನ ಸರಾಸರಿ ಎರಡಂಕಿ ಮುಟ್ಟಿತು, ಅದು ಯಾವ ಸೆಂಟರ್‌ನಿಂದಲೂ ಆಗದಿದ್ದ ಸಾಧನೆ. ರಕ್ಷಣೆಯೊಂದನ್ನೇ ಬಲ್ಲ ಎತ್ತರದವನಿಗೂ ಬೆಲೆ ಉಳಿದಿದೆ ಎನ್ನುವುದಕ್ಕೆ ರೂಡಿ ಗೋಬೇರ್ ಸಾಕ್ಷಿ: 2022ರಲ್ಲಿ ಮಿನ್ನೆಸೋಟ ತಂಡ ಅವನಿಗಾಗಿ ಹಲವು ಆಟಗಾರರ ಜೊತೆಗೆ ಮೊದಲ ಸುತ್ತಿನ ನಾಲ್ಕು ಡ್ರಾಫ್ಟ್ ಹಕ್ಕುಗಳನ್ನು ಬಿಟ್ಟುಕೊಟ್ಟಿತು. 2025ರಲ್ಲಿ ಗೆದ್ದ ಒಕ್ಲಹೋಮ ಸಿಟಿ ತಂಡ ಚೆಟ್ ಹೋಲ್ಮ್‌ಗ್ರೆನ್ ಮತ್ತು ಐಸಾಯಾ ಹಾರ್ಟೆನ್‌ಸ್ಟೈನ್ ಎಂಬ ಇಬ್ಬರು 7 ಅಡಿಯವರನ್ನು ಒಟ್ಟಿಗೆ ಆಡಿಸುತ್ತಿತ್ತು. ಕಾಫಿ ತೋಟದ ಸಿಲ್ವರ್ ಮರ ಒಂದು ಕಾಲಕ್ಕೆ ನೆರಳಿಗಾಗಿ ಮಾತ್ರ ಇದ್ದದ್ದು, ಇಂದು ಮೆಣಸಿನ ಬಳ್ಳಿಗೆ ಆಸರೆಯಾಗಿ, ಕೊನೆಗೆ ನಾಟಾ ಆಗಿಯೂ ತೋಟದ ಲೆಕ್ಕಪುಸ್ತಕ ಸೇರುವಂತೆ, ಇಂದಿನ ಸೆಂಟರ್‌ನನ್ನು ಅಳೆಯುವುದು ಅವನು ಎಷ್ಟು ಕೆಲಸಗಳನ್ನು ಹೊರುತ್ತಾನೆ ಎಂಬುದರಿಂದ.

ಈ ಚರ್ಚೆಯ ಅತ್ಯಂತ ಸ್ಪಷ್ಟವಾದ ಪ್ರಯೋಗವೊಂದು ಕರ್ನಾಟಕದ ನೆಲದಲ್ಲೇ ನಡೆದಿದೆ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಏರ್ಪಟ್ಟಿತ್ತು. ಎತ್ತರದ ಸೆಂಟರ್‌ಗಳ ಸುತ್ತ ತಂಡ ಕಟ್ಟುವ ಪರಂಪರೆಯ ಚೀನಾವನ್ನು ವೇಗ ಮತ್ತು ದೂರದ ಹೊಡೆತವನ್ನು ನೆಚ್ಚಿದ ಜಪಾನ್ ಅಂತಿಮ ಪಂದ್ಯದಲ್ಲಿ 71–68ರಿಂದ ಸೋಲಿಸಿ ಸತತ ನಾಲ್ಕನೆಯ ಬಾರಿ ಗೆದ್ದಾಗ, ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿದವಳು ಸುಮಾರು 5 ಅಡಿ 5 ಅಂಗುಲದ ಗಾರ್ಡ್ ನಾಕೊ ಮೊಟೊಹಾಶಿ. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಪಾನ್ 6 ಅಡಿ 1 ಅಂಗುಲದ ಮಾಕಿ ತಕಾಡಾಳನ್ನು ಸೆಂಟರ್ ಆಗಿ ಆಡಿಸಿ ಬೆಳ್ಳಿ ಗೆದ್ದಿತು. ಆಕೆ ಮೂರು ಪಾಯಿಂಟ್ ಗೆರೆಯಿಂದ ಹೊಡೆಯಬಲ್ಲವಳಾದ್ದರಿಂದ ಎದುರಾಳಿ ಸೆಂಟರ್‌ಗಳು ರಿಂಗನ್ನು ಬಿಟ್ಟು ಅವಳ ಹಿಂದೆ ಅಲೆಯಬೇಕಾಯಿತು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 6 ಅಡಿ 6 ಅಂಗುಲ ಮೀರಿದ ಹಾನ್ ಷು ಮತ್ತು ಲಿ ಯುಯೆರು ಇಬ್ಬರೂ ಬಲಿತ ಮೇಲೆ ಚೀನಾ 2022ರ ವಿಶ್ವಕಪ್‌ನಲ್ಲಿ ಬೆಳ್ಳಿ ಪಡೆದು, 2023ರ ಏಷ್ಯಾ ಕಪ್ ಫೈನಲ್‌ನಲ್ಲಿ ಅದೇ ಜಪಾನನ್ನು 73–71ರಿಂದ ಸೋಲಿಸಿತು.

ಭಾರತದಲ್ಲಿ ಎತ್ತರದ ಕತೆ ಹೆಚ್ಚಾಗಿ ಪಂಜಾಬಿನದು. ಬಲ್ಲೋಕೆ ಹಳ್ಳಿಯ 7 ಅಡಿ 2 ಅಂಗುಲದ ಸತ್ನಾಮ್ ಸಿಂಗ್‌ನನ್ನು 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿದ್ದು ಭಾರತೀಯನೊಬ್ಬನಿಗೆ ಸಂದ ಮೊದಲ ಗೌರವವಾದರೂ, ಸೆಂಟರ್‌ಗಳ ಹಳೆಯ ಕಸುಬಿಗೆ ಬೇಡಿಕೆ ಕುಸಿಯುತ್ತಿದ್ದ ಹೊತ್ತಿನಲ್ಲೇ ಅದು ಬಂದುದರಿಂದ ಅವನಿಗೆ ಮುಖ್ಯ ಲೀಗಿನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಮೂವತ್ತು ವರ್ಷ ಮೊದಲು ಹುಟ್ಟಿದ್ದರೆ ಅದೇ ದೇಹಕ್ಕೆ ಇನ್ನಷ್ಟು ಅವಕಾಶ ಸಿಗುತ್ತಿತ್ತು ಎಂದು ಹೇಳುವುದು ಅತಿಶಯವಲ್ಲ. ಕರ್ನಾಟಕದಲ್ಲಿ ಯು.ಬಿ.ಎ. ಲೀಗಿನ ಬೆಂಗಳೂರು ಬೀಸ್ಟ್, ಅನಂತರ ಐ.ಎನ್.ಬಿ.ಎಲ್.ನ ಬೆಂಗಳೂರು ಕಿಂಗ್ಸ್ ತಂಡಗಳು ಈ ಆಟಕ್ಕೆ ವೃತ್ತಿಯ ರೂಪ ಕೊಡಲು ಪ್ರಯತ್ನಿಸಿವೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಸೀಮೆಯಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಇಲ್ಲ. ಶಾಲೆ ಕಾಲೇಜುಗಳ ಬಯಲು ಅಂಕಣಗಳಲ್ಲಿ ಆಟವಿದೆ, ಎತ್ತರದ ಹುಡುಗರು ಬಹುಮಟ್ಟಿಗೆ ವಾಲಿಬಾಲ್ ನೆಟ್‌ನ ಕಡೆಗೇ ಸೆಳೆಯಲ್ಪಡುತ್ತಾರೆ. ಆದರೂ ಹಳೆಯ ಸೆಂಟರ್ ಏಕೆ ಬೇಗ ಅಳಿಯುವುದಿಲ್ಲ ಎಂಬುದನ್ನು ಅರಿಯಲು ಈ ಸೀಮೆಯಷ್ಟು ತಕ್ಕ ಜಾಗ ಮತ್ತೊಂದಿಲ್ಲ. ಮೃಗಶಿರಾದಿಂದ ಮಘೆಯವರೆಗಿನ ಮಳೆಯಲ್ಲಿ ಸಿಮೆಂಟಿನ ಅಂಕಣಕ್ಕೆ ಪಾಚಿ ಹತ್ತುತ್ತದೆ, ನೆನೆದ ಚೆಂಡು ಭಾರವಾಗಿ ಕೈಯಿಂದ ಜಾರುತ್ತದೆ, ಗಾಳಿ ದೂರದ ಹೊಡೆತವನ್ನು ಪಕ್ಕಕ್ಕೆ ತಳ್ಳುತ್ತದೆ. ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳ ಹಂಗಾಮು ಮಳೆಗಾಲಕ್ಕೇ ತಾಗಿ ಬರುವುದರಿಂದ, ಅಂಥ ದಿನ ರಿಂಗಿನ ಕೆಳಗೆ ನಿಂತು ಕೈ ಎತ್ತುವ ಎತ್ತರದ ಹುಡುಗನೇ ಪಂದ್ಯ ಗೆಲ್ಲಿಸುತ್ತಾನೆ. ನಿಯಮವೂ ಅವನ ಪಕ್ಷದಲ್ಲಿದೆ. ಭಾರತದಲ್ಲಿ ಪಾಲಿಸುವ ಅಂತರರಾಷ್ಟ್ರೀಯ ಒಕ್ಕೂಟದ, ಅಂದರೆ ಫೀಬಾದ, ನಿಯಮಗಳಲ್ಲಿ ರಕ್ಷಕನಿಗೆ 3 ಸೆಕೆಂಡಿನ ಮಿತಿ ಇಲ್ಲ. ಚೆಂಡು ಒಮ್ಮೆ ರಿಂಗಿಗೆ ತಾಗಿದ ಮೇಲೆ ಅದನ್ನು ರಿಂಗಿನ ಮೇಲಿನಿಂದಲೇ ತಟ್ಟಿಹಾಕಲೂ ಅಡ್ಡಿಯಿಲ್ಲ, ಎನ್.ಬಿ.ಎ.ಯಲ್ಲಿ ಅದು ತಪ್ಪು. ಮೂರು ಪಾಯಿಂಟ್ ಗೆರೆ ಮಾತ್ರ 6.75 ಮೀಟರ್, ಅಂದರೆ ಎನ್.ಬಿ.ಎ.ಯ ಗೆರೆಗಿಂತ ಹತ್ತಿರ. ಇಷ್ಟು ಅನುಕೂಲಗಳಿರುವಾಗ, ಎತ್ತರದ ಮಗುವನ್ನು ರಿಂಗಿನ ಕೆಳಗೇ ನಾಟಿ ಮಾಡಿ ಈ ವರ್ಷದ ಕಪ್ ಗೆಲ್ಲುವುದು ದೈಹಿಕ ಶಿಕ್ಷಕರಿಗೆ ಸಹಜವಾಗಿ ತೋರುತ್ತದೆ. ಆ ಮಗು ವಿಭಾಗ ಮಟ್ಟಕ್ಕೋ ಬೆಂಗಳೂರಿನ ಕ್ಲಬ್ಬಿಗೋ ಹೋದಾಗ ತನ್ನಷ್ಟೇ ಎತ್ತರದ, ಚೆಂಡು ತಟ್ಟಬಲ್ಲ, ಪಾಸ್ ಕೊಡಬಲ್ಲ ಇನ್ನೊಬ್ಬನನ್ನು ಎದುರಿಸಬೇಕಾಗುತ್ತದೆ. ಹದಿಮೂರನೆಯ ವಯಸ್ಸಿನಲ್ಲಿ ಕಲಿಸದೆ ಬಿಟ್ಟ ಎಡಗೈ ಡ್ರಿಬಲ್ ಹದಿನೆಂಟಕ್ಕೆ ಬರುವುದು ಬಹಳ ಕಷ್ಟ, ಈ ನಷ್ಟವನ್ನು ಹೊರುವವನು ಆ ಹುಡುಗನೇ.

ಸಮತಟ್ಟಾದ ನೆಲ ಸಿಗುವುದೇ ದುರ್ಲಭವಾದ ಬೆಟ್ಟದೂರುಗಳಿಗೆ ಒಂದೇ ರಿಂಗ್ ಸಾಕಾಗುವ, ಟೋಕಿಯೊದಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ ಮೂವರ ಆಟ, ಅಂದರೆ 3x3, ಹೊಂದುವಂಥದು. 15 ಮೀಟರ್ ಅಗಲ, 11 ಮೀಟರ್ ಉದ್ದದ ಅಂಕಣದಲ್ಲಿ, ಪ್ರತಿ ದಾಳಿಗೆ 12 ಸೆಕೆಂಡ್ ಮಾತ್ರ ಇರುವ ಈ ಆಟದಲ್ಲಿ ಒಳಗಿನ ಹೊಡೆತಕ್ಕೆ ಒಂದು, ಗೆರೆಯಾಚೆಯದಕ್ಕೆ ಎರಡು ಪಾಯಿಂಟ್. ಐವರ ಆಟದ 2–3ರ ಅನುಪಾತ ಇಲ್ಲಿ 1–2 ಆಗುವುದರಿಂದ ದೂರದ ಹೊಡೆತದ ತೂಕ ಇನ್ನೂ ಹೆಚ್ಚು. ಎದುರಾಳಿ ತಪ್ಪಿಸಿದ ಚೆಂಡನ್ನು ರಿಂಗಿನಡಿಯಲ್ಲಿ ಹಿಡಿದವನು ಅಲ್ಲಿಂದಲೇ ಮೇಲೆತ್ತಿ ಹಾಕುವಂತಿಲ್ಲ, ಮೊದಲು ಅದು ಗೆರೆಯ ಹೊರಗೆ ಹೋಗಲೇಬೇಕು. ರೀಬೌಂಡ್ ಹಿಡಿಯುವವನು ಸಾಮಾನ್ಯವಾಗಿ ಎತ್ತರದವನೇ ಆದ್ದರಿಂದ, ಎದೆಗೆ ಒತ್ತಿ ನಿಂತ ಎದುರಾಳಿಯನ್ನು ದಾಟಿ ಚೆಂಡನ್ನು ತಟ್ಟುತ್ತ ಹೊರಕ್ಕೆ ಒಯ್ಯುವುದೋ, ಹೊರಗಿರುವ ಸಂಗಡಿಗನಿಗೆ ತಪ್ಪದೆ ಪಾಸ್ ಮಾಡುವುದೋ, ಎರಡರಲ್ಲಿ ಒಂದನ್ನು ಅವನು ಪ್ರತಿ ಬಾರಿಯೂ ಮಾಡಲೇಬೇಕಾಗುತ್ತದೆ.